ವೋಟು ಹಾಕದಿದ್ದರೆ ಮನೆಗೆ ಕಾಗದ ಬರುತ್ತದೆ: ಆಸ್ಟ್ರೇಲಿಯಾದ ಹೊಸ ಪ್ರಜೆಗಳಿಗೆ

ಪೌರತ್ವ ಸಿಕ್ಕ ಮರುವರ್ಷ ನಾವು ಮೆಲ್ಬರ್ನ್‌ನಲ್ಲೇ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದೆವು. ಕರೆಂಟು, ಇಂಟರ್ನೆಟ್ಟು, ಬ್ಯಾಂಕು, ಮಗಳ ಶಾಲೆ, ಎಲ್ಲ ಕಡೆ ಹೊಸ ವಿಳಾಸ ಕೊಟ್ಟೆ. ಮತದಾರರ ಪಟ್ಟಿ ಮಾತ್ರ ನೆನಪೇ ಆಗಲಿಲ್ಲ. ಆ ವರ್ಷ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಸಂಸ್ಥೆಯ, ಚುನಾವಣೆ ಬಂತು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಈಗ ಕೌನ್ಸಿಲ್ ವೋಟು ಅಂಚೆಯಲ್ಲಿ ನಡೆಯುತ್ತದೆ. ಮತಪತ್ರ ಹಳೇ ಮನೆಗೆ ಹೋಯಿತು, ಅಲ್ಲೇ ಉಳಿಯಿತು. ಕೆಲವು ತಿಂಗಳ ಮೇಲೆ ಆ ಮನೆಗೆ ಬಂದಿದ್ದವರು ಫೋನ್ ಮಾಡಿ, ನಿಮ್ಮ ಹೆಸರಿಗೆ ಸರ್ಕಾರದ್ದೇನೋ ಕಾಗದ ಬಂದಿದೆ ಅಂದರು. ಹೋಗಿ ಒಡೆದು ನೋಡಿದೆ. "ನೀವು ವೋಟು ಹಾಕಿದಂತೆ ಕಾಣುತ್ತಿಲ್ಲ. ಯಾಕೆ ಅಂತ ತಿಳಿಸಿ" ಎಂಬುದು ಅದರ ಸಾರಾಂಶ.

ನನಗೆ ನಗು ಬಂತು. ಬೆಂಗಳೂರಿನಲ್ಲಿ ಹದಿನೈದು ವರ್ಷ ಇದ್ದೆ. ನಾನು ವೋಟು ಹಾಕಿದೆನಾ ಇಲ್ವಾ ಅಂತ ಯಾರೂ ಒಂದು ದಿನ ಕೇಳಿರಲಿಲ್ಲ. ಕಾರಣ ಬರೆದು ಕಳಿಸಿದೆ. "ವಿಳಾಸ ಬದಲಿಸಲು ಮರೆತೆ" ಅನ್ನುವುದು ಕಾರಣವೇ ಅಲ್ಲ ಅಂತ ಉತ್ತರ ಬಂತು. ದಂಡ ಕಟ್ಟಿದೆ. ತಪ್ಪು ನನ್ನದೇ ಆಗಿತ್ತು, ಬಿಡಿ. ಆಮೇಲಿಂದ ಯಾರಾದರೂ ಪೌರತ್ವದ ಸಮಾರಂಭದ ಫೋಟೊ ಹಾಕಿದರೆ ಅಭಿನಂದನೆ ಹೇಳಿ, ಜೊತೆಗೇ ಕೇಳುತ್ತೇನೆ: ರೋಲ್‌ಗೆ ಅಂದರೆ ಮತದಾರರ ಪಟ್ಟಿಗೆ, ಹೆಸರು ಸೇರಿಸಿದ್ರಾ?

ಆಸ್ಟ್ರೇಲಿಯಾದಲ್ಲಿ ವೋಟು ಹಕ್ಕೂ ಹೌದು, ಕರ್ತವ್ಯವೂ ಹೌದು. ಇದು ಭಾಷಣದ ಮಾತಲ್ಲ. ಇಲ್ಲಿನ ಚುನಾವಣಾ ಕಾಯ್ದೆಯ 245ನೇ ಸೆಕ್ಷನ್‌ನಲ್ಲಿ ಹಾಗೆಯೇ ಬರೆದಿದೆ. ಪ್ರತಿ ಚುನಾವಣೆಯಲ್ಲೂ ವೋಟು ಹಾಕುವುದು ಪ್ರತಿ ಮತದಾರನ ಕರ್ತವ್ಯ. ಸಂಸತ್ತಿಗೂ ಅಷ್ಟೇ, ರಾಜ್ಯಕ್ಕೂ ಅಷ್ಟೇ. ಸಂವಿಧಾನ ತಿದ್ದಲು ಜನಮತ ಕೇಳಿದರೆ ಅದಕ್ಕೂ ಅಷ್ಟೇ. 2023ರ ಅಕ್ಟೋಬರ್ 14ರಂದು ಮೂಲನಿವಾಸಿಗಳ ಪರವಾಗಿ ಸಂಸತ್ತಿಗೆ ಸಲಹೆ ಕೊಡುವ 'ವಾಯ್ಸ್' ಮಂಡಳಿ ಬೇಕೇ ಎಂಬ ಬಗ್ಗೆ ನಡೆದ ಜನಮತಕ್ಕೂ ಎಲ್ಲರೂ ಹೋಗಲೇಬೇಕಿತ್ತು. ಕೌನ್ಸಿಲ್ ವಿಷಯ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಡ್ಡಾಯ. ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಮ್ಮ ಇಷ್ಟ.

ಇದು ಶುರುವಾದದ್ದು ಹೇಗೆ

ಮೊದಲು ಕಡ್ಡಾಯ ಆದದ್ದು ವೋಟಲ್ಲ, ಪಟ್ಟಿಗೆ ಹೆಸರು ಸೇರಿಸುವುದು. ಅದು 1911ರಲ್ಲಿ. ಹೆಸರು ಸೇರಿತು, ಜನ ಮಾತ್ರ ಬೂತಿಗೆ ಬರಲಿಲ್ಲ. 1922ರ ಚುನಾವಣೆಯಲ್ಲಿ ನೂರಕ್ಕೆ ಅರವತ್ತು ಮಂದಿಯೂ ವೋಟು ಹಾಕಲಿಲ್ಲ. 1924ರಲ್ಲಿ ಟಾಸ್ಮೇನಿಯಾದ ಹರ್ಬರ್ಟ್ ಪೇನ್ ಎಂಬ ಸೆನೆಟರ್ (ಸಂಸತ್ತಿನ ಮೇಲ್ಮನೆ ಸೆನೆಟಿನ ಸದಸ್ಯ) ಒಂದು ಖಾಸಗಿ ಮಸೂದೆ ತಂದರು. ಹೆಚ್ಚು ಚರ್ಚೆಯೂ ಆಗದೆ ಅದು ಪಾಸಾಯಿತು. ಮರುವರ್ಷದ ಚುನಾವಣೆಗೆ ಶೇಕಡ 91ಕ್ಕಿಂತ ಜಾಸ್ತಿ ಜನ ಬಂದರು. ಕ್ವೀನ್ಸ್‌ಲ್ಯಾಂಡ್ ರಾಜ್ಯ 1915ರಲ್ಲೇ ಈ ಕೆಲಸ ಮಾಡಿತ್ತು.

1925ಕ್ಕೂ ನಮಗೂ ಇನ್ನೊಂದು ನಂಟಿದೆ. ಇಲ್ಲಿ ಹುಟ್ಟಿ ಬೆಳೆದ ಭಾರತೀಯರ ಮಕ್ಕಳಿಗೇ ಇದು ಗೊತ್ತಿಲ್ಲ. 1902ರ ಮತಾಧಿಕಾರ ಕಾಯ್ದೆ ಹೆಂಗಸರಿಗೆ ವೋಟು ಕೊಟ್ಟಿತು. ಆ ಕಾಲಕ್ಕೆ ಅದು ದೊಡ್ಡ ಮಾತೇ. ಅದೇ ಕಾಯ್ದೆ ಮೂಲನಿವಾಸಿಗಳಿಗೆ, ಏಷ್ಯಾ ಮತ್ತು ಆಫ್ರಿಕಾದವರಿಗೆ ಬಾಗಿಲು ಹಾಕಿತು. ಒಂಟೆ ಹೊಡೆದುಕೊಂಡು, ಸಾಮಾನು ಹೊತ್ತು ಮಾರಿಕೊಂಡು ಇಲ್ಲಿದ್ದ ಭಾರತೀಯರೂ ಹೊರಗೇ ಉಳಿದರು. 1922ರಲ್ಲಿ ಭಾರತದ ರಾಜಕಾರಣಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಈ ದೇಶಕ್ಕೆ ಬಂದು ಭಾರತೀಯರ ಪರವಾಗಿ ಮಾತಾಡಿದರು. ಮೆಲ್ಬರ್ನ್‌ನಲ್ಲಿದ್ದ ಮಿತ್ತಾ ಬುಲ್ಲೋಶ್ ಎಂಬ ಭಾರತೀಯರು ನನ್ನ ಹೆಸರು ಸೇರಿಸಿ ಅಂತ ಕೋರ್ಟಿಗೆ ಹೋಗಿ 1924ರಲ್ಲಿ ಗೆದ್ದರು. 1925ರಲ್ಲಿ ಬ್ರಿಟಿಷ್ ಇಂಡಿಯಾದವರಿಗೆ ವೋಟು ಕೊಡುವ ತಿದ್ದುಪಡಿ ಆಯಿತು. ಅಂದರೆ ಭಾರತೀಯರಿಗೆ ಹಕ್ಕು ಸಿಕ್ಕ ವರ್ಷವೂ, ವೋಟು ಕಡ್ಡಾಯವಾಗಿ ನಡೆದ ಮೊದಲ ಚುನಾವಣೆಯ ವರ್ಷವೂ ಒಂದೇ. ಈ ಮಣ್ಣಿನ ಮೂಲದವರೇ ಇನ್ನೂ ಕಾಯಬೇಕಾಯಿತು. ಅವರೆಲ್ಲರಿಗೂ ಹಕ್ಕು ಬಂದದ್ದು 1962ರಲ್ಲಿ. ಉಳಿದವರ ಹಾಗೆ ಕಡ್ಡಾಯ ಆದದ್ದು 1984ರಲ್ಲಿ.

ಪಟ್ಟಿಗೆ ಹೆಸರು

ಪಿಆರ್, ಅಂದರೆ ಪೌರತ್ವವಿಲ್ಲದೆ ಕಾಯಂ ವಾಸದ ಅನುಮತಿ ಮಾತ್ರ, ಇದ್ದವರು ವೋಟು ಹಾಕುವ ಹಾಗಿಲ್ಲ, ಹೆಸರು ಸೇರಿಸುವ ಹಾಗೂ ಇಲ್ಲ. ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ ಇಲ್ಲ. ಪೌರತ್ವ ಬೇಕು, ಹದಿನೆಂಟು ತುಂಬಿರಬೇಕು, ಆ ವಿಳಾಸದಲ್ಲಿ ಒಂದು ತಿಂಗಳು ಇದ್ದಿರಬೇಕು. ಹದಿನಾರು ತುಂಬಿದ ಮಕ್ಕಳು ಮುಂಚೆಯೇ ಹೆಸರು ಕೊಟ್ಟಿಡಬಹುದು. ಹದಿನೆಂಟಾದ ದಿನದಿಂದ ವೋಟು.

ಪೌರತ್ವದ ಸಮಾರಂಭದಲ್ಲೇ ಅರ್ಜಿ ಕೈಗೆ ಕೊಡುತ್ತಾರೆ. ಗಿಡದ ಸಸಿ, ಬಾವುಟ, ಸೆಲ್ಫಿಗಳ ನಡುವೆ ಅದು ಬ್ಯಾಗಿನ ತಳ ಸೇರಿಬಿಡುತ್ತದೆ. ಅಲ್ಲೇ ಕೂತು ತುಂಬಿ ಕೊಟ್ಟು ಬನ್ನಿ. ಇಲ್ಲವಾದರೆ ಆಸ್ಟ್ರೇಲಿಯನ್ ಎಲೆಕ್ಟೊರಲ್ ಕಮಿಷನ್ ಅಥವಾ ಎಇಸಿಯ ವೆಬ್‌ಸೈಟಿನಲ್ಲಿ ಐದು ನಿಮಿಷದ ಕೆಲಸ. ಡ್ರೈವಿಂಗ್ ಲೈಸೆನ್ಸೋ ಪಾಸ್‌ಪೋರ್ಟೋ ಪೌರತ್ವ ಪತ್ರದ ನಂಬರೋ ಸಾಕು. ಸಂಸತ್ತು, ರಾಜ್ಯ, ಕೌನ್ಸಿಲ್‌ಗೆ ಬೇರೆ ಬೇರೆ ಅರ್ಜಿ ಬೇಡ. ಕೆಲವು ಸಲ ಲೈಸೆನ್ಸಿನ ವಿವರ ನೋಡಿ ಎಇಸಿಯವರೇ ಹೆಸರು ಸೇರಿಸಿ ತಿಳಿಸುತ್ತಾರೆ. ಅದನ್ನು ನಂಬಿಕೊಂಡು ಮಾತ್ರ ಕೂರಬೇಡಿ.

ಚುನಾವಣೆ ಘೋಷಣೆ ಆದಮೇಲೆ ಟೈಮ್ ತುಂಬಾ ಕಡಿಮೆ. ಚುನಾವಣೆ ನಡೆಸಿ ಎಂಬ ಅಧಿಕೃತ ಆದೇಶ (ರಿಟ್) ಹೊರಟ ಏಳನೇ ದಿನ ರಾತ್ರಿ 8 ಗಂಟೆಗೆ ಪಟ್ಟಿ ಮುಚ್ಚುತ್ತದೆ. ಪೌರತ್ವ ಬಂದು ಮೂರು ನಾಲ್ಕು ವರ್ಷ ಆದರೂ ಹೆಸರು ಸೇರಿಸದೆ, ಈಗ ಹೋದರೆ ದಂಡ ಹಾಕುತ್ತಾರೇನೋ ಅಂತ ಹೆದರಿ ಸುಮ್ನೆ ಇರುವವರು ನನಗೇ ಗೊತ್ತಿದ್ದಾರೆ. ಹೆದರಬೇಡಿ. ನೀವಾಗಿಯೇ ಹೆಸರು ಸೇರಿಸಿದರೆ ಹಿಂದಿನ ವಿಳಂಬಕ್ಕೆ ಕೇಸು ಹಾಕುವುದಿಲ್ಲ, ಕಾಯ್ದೆಯಲ್ಲೇ ಹಾಗಿದೆ.

ಶನಿವಾರದ ಬೂತು

ವೋಟಿನ ದಿನ ಯಾವಾಗಲೂ ಶನಿವಾರ. ಬೆಳಗ್ಗೆ 8ರಿಂದ ಸಂಜೆ 6. ಹತ್ತಿರದ ಪ್ರೈಮರಿ ಶಾಲೆ, ಚರ್ಚ್ ಹಾಲ್, ಸಮುದಾಯ ಭವನ. ನಿಮ್ಮ ಕ್ಷೇತ್ರದ ಯಾವ ಬೂತಿಗೆ ಬೇಕಾದರೂ ಹೋಗಬಹುದು. ನಮ್ಮೂರಿನ ಹಾಗೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ರೂಂ ನಂಬರ್ ಹುಡುಕುತ್ತಾ ಅಲೆಯುವುದಿಲ್ಲ. ರಾಜ್ಯದ ಇನ್ನೊಂದು ಮೂಲೆಯಲ್ಲಿದ್ದರೆ ಅಲ್ಲಿನ ಬೂತಿನಲ್ಲೂ ಹಾಕಬಹುದು.

ಗೇಟಿನ ಹತ್ತಿರ ಬಣ್ಣ ಬಣ್ಣದ ಟೀ ಶರ್ಟ್ ತೊಟ್ಟ ಪಕ್ಷದವರು ಕಾಗದ ಹಿಡಿದು ನಿಂತಿರುತ್ತಾರೆ. ಯಾರಿಗೆ ಯಾವ ನಂಬರ್ ಹಾಕಬೇಕು ಎಂಬ ಪಕ್ಷದ ಸಲಹೆ ಅದು. ಬೇಕಿದ್ದರೆ ತಗೊಳ್ಳಿ, ಬೇಡವಾದರೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗಿ. ಬಾಗಿಲಿನಿಂದ ಆರು ಮೀಟರ್ ಒಳಗೆ ಅವರು ಪ್ರಚಾರ ಮಾಡುವಂತಿಲ್ಲ. ನಾನು ಮೊದಲ ಸಲ ಅದನ್ನೇ ಸರ್ಕಾರದ ಸೂಚನೆ ಅಂದುಕೊಂಡಿದ್ದೆ!

ಒಳಗೆ ಗುರುತಿನ ಚೀಟಿ ಕೇಳುವುದಿಲ್ಲ. ಮೂರೇ ಪ್ರಶ್ನೆ. ಹೆಸರೇನು, ಎಲ್ಲಿ ವಾಸ, ಈ ಚುನಾವಣೆಯಲ್ಲಿ ಮೊದಲೇ ವೋಟು ಹಾಕಿದ್ದೀರಾ. ನಮ್ಮ ಉದ್ದುದ್ದ ಹೆಸರು ಹುಡುಕಿಕೊಡಲು ಲೈಸೆನ್ಸ್ ತೋರಿಸಿದರೆ ಅವರಿಗೇ ಖುಷಿ. ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೆದು ಮತಪತ್ರ ಕೊಡುತ್ತಾರೆ. ಯಂತ್ರ ಇಲ್ಲ. ಕಾಗದ, ಪೆನ್ಸಿಲ್, ರಟ್ಟಿನ ಮರೆ. ಬೆರಳಿಗೆ ಶಾಯಿಯೂ ಇಲ್ಲ. ನಮ್ಮಮ್ಮ ಮೈಸೂರಿನವರು. ಇಡೀ ದೇಶಕ್ಕೆ ಅಳಿಸದ ಶಾಯಿ ಮಾಡಿಕೊಡುವ ಕಾರ್ಖಾನೆ ಅದೇ ಊರಲ್ಲಿದೆ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಮೊದಲ ಸಲ ವೋಟು ಹಾಕಿ ವಿಡಿಯೊ ಕಾಲ್ ಮಾಡಿದರೆ "ಎಲ್ಲಿ, ಬೆರಳು ತೋರ್ಸು" ಅಂದರು. ತೋರಿಸಲು ಏನೂ ಇರಲಿಲ್ಲ. "ಹಾಗಾದ್ರೆ ಎರಡು ಸಲ ಹಾಕಿದ್ರೆ?" ಅಂತ ಕೇಳಿದರು. ಆಮೇಲೆ ಎಲ್ಲ ಬೂತಿನ ಪಟ್ಟಿಗಳನ್ನು ಹೋಲಿಸಿ ನೋಡುತ್ತಾರೆ, ಒಂದೇ ಹೆಸರಿಗೆ ಎರಡು ಗೆರೆ ಬಿದ್ದಿದ್ದರೆ ವಿಚಾರಿಸುತ್ತಾರೆ ಎಂದೆ. ಅವರಿಗೆ ಪೂರ್ತಿ ನಂಬಿಕೆ ಬಂದಂತಿಲ್ಲ.

ಹೊರಗೆ ಶಾಲೆಯ ಅಪ್ಪ ಅಮ್ಮಂದಿರು ಗ್ರಿಲ್ ಹಚ್ಚಿ ಬ್ರೆಡ್ಡಿನಲ್ಲಿ ಸಾಸೇಜ್ ಸುತ್ತಿ ಮಾರುತ್ತಾರೆ. ದುಡ್ಡು ಶಾಲೆಗೆ. 'ಡೆಮಾಕ್ರಸಿ ಸಾಸೇಜ್' ಅಂತ ಅದಕ್ಕೆ ಹೆಸರು. 2016ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಡಿಕ್ಷನರಿ ಸೆಂಟರ್ ಇದನ್ನೇ ವರ್ಷದ ಪದ ಅಂತ ಆರಿಸಿತು. ಸಸ್ಯಾಹಾರಿಗಳು ಪಕ್ಕದ ಕೇಕ್ ಮೇಜಿನ ಕಡೆ ನಡೆಯಿರಿ.

ಒಂದು, ಎರಡು, ಮೂರು

ನಿಜವಾಗಿ ಕಲಿಯಬೇಕಾದದ್ದು ಇದು. ಇಲ್ಲಿ ಒಂದು ಗುರುತು ಒತ್ತಿ ಬರುವುದಲ್ಲ, ನಂಬರ್ ಹಾಕುವುದು. ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ವೋಟು ಹಾಕಿದ್ದರೆ ನಿಮಗೆ ಪ್ರಾಶಸ್ತ್ಯದ ಮತ ಗೊತ್ತಿರುತ್ತದೆ. ಅದೇ ಜಾತಿಯದು. ಅಲ್ಲಿ ಒಂದು ನಂಬರ್ ಹಾಕಿ ನಿಲ್ಲಿಸಬಹುದು. ಇಲ್ಲಿ ಸಂಸತ್ತಿನ ಕೆಳಮನೆಯ ಹಸಿರು ಕಾಗದದಲ್ಲಿ ಎಲ್ಲ ಚೌಕಕ್ಕೂ ನಂಬರ್ ಹಾಕಬೇಕು. ಎಂಟು ಜನ ನಿಂತಿದ್ದರೆ ಒಂದರಿಂದ ಎಂಟು.

ಯಾಕೆ ಹೀಗೆ? ಸಂಘದ ಪಿಕ್ನಿಕ್ಕಿಗೆ ನೂರು ಜನ, ತಿಂಡಿ ಒಂದೇ ಅಂದುಕೊಳ್ಳಿ. ದೋಸೆಗೆ 40, ಇಡ್ಲಿಗೆ 35, ಉಪ್ಪಿಟ್ಟಿಗೆ 25. ನಮ್ಮೂರಿನ ಲೆಕ್ಕದಲ್ಲಿ ದೋಸೆ ಗೆದ್ದಿತು, 60 ಜನಕ್ಕೆ ಬೇಡವಾದರೂ. ಇಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವ ತನಕ ಎಣಿಕೆ ನಿಲ್ಲುವುದಿಲ್ಲ. ಕೊನೆಯಲ್ಲಿರುವ ಉಪ್ಪಿಟ್ಟನ್ನು ತೆಗೆದು, ಆ 25 ಜನ ಎರಡು ಅಂತ ಯಾವುದಕ್ಕೆ ಬರೆದಿದ್ದಾರೆ ನೋಡುತ್ತಾರೆ. 20 ಇಡ್ಲಿಗೆ, 5 ದೋಸೆಗೆ. ಈಗ ಇಡ್ಲಿ 55, ದೋಸೆ 45. ಇಡ್ಲಿ ಗೆದ್ದಿತು. ಉಪ್ಪಿಟ್ಟಿನವರ ವೋಟೂ ಹಾಳಾಗಲಿಲ್ಲ.

ಇದು ಬಂದದ್ದೂ ಒಂದು ಸೋಲಿನಿಂದಲೇ. 1918ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸ್ವಾನ್ ಕ್ಷೇತ್ರದಲ್ಲಿ ಉಪಚುನಾವಣೆ ಆಯಿತು. ಲೇಬರ್ ಪಕ್ಷದ ವಿರೋಧಿ ವೋಟು ಹಂಚಿಹೋಗಿ, ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಜಾಸ್ತಿ ವೋಟು ಪಡೆದ ಲೇಬರ್‌ನ ಎಡ್ವಿನ್ ಕಾರ್ಬಾಯ್ ಗೆದ್ದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಗಾಬರಿಯಾದ ಸರ್ಕಾರ ಅದೇ ವರ್ಷ ಪ್ರಾಶಸ್ತ್ಯದ ಮತ ಜಾರಿಗೆ ತಂದಿತು. ತಮ್ಮ ಅನುಕೂಲಕ್ಕೇ ಮಾಡಿಕೊಂಡರು, ಆದರೂ ವ್ಯವಸ್ಥೆ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಗೆಲ್ಲದ ಸಣ್ಣ ಪಕ್ಷಕ್ಕೆ ಒಂದು ಕೊಟ್ಟು ಸಿಟ್ಟು ತೋರಿಸಬಹುದು, ಗೆಲ್ಲುವವರಲ್ಲಿ ಯಾರು ವಾಸಿ ಅಂತಲೂ ಹೇಳಬಹುದು. ಒಂದೇ ಕಾಗದದಲ್ಲಿ!

ಸೆನೆಟಿನ ಬಿಳಿ ಕಾಗದ ಮೇಜುಬಟ್ಟೆಯಷ್ಟು ದೊಡ್ಡದು. 2013ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ 110 ಜನ ನಿಂತಿದ್ದರು. ಕಾಗದದ ಅಗಲ ಒಂದು ಮೀಟರ್, ಅಕ್ಷರ ಎಷ್ಟು ಸಣ್ಣ ಅಂದರೆ ಓದಲು ಭೂತಗನ್ನಡಿಯಂಥ ಪ್ಲಾಸ್ಟಿಕ್ ಹಾಳೆ ಇಟ್ಟಿದ್ದರು. 2016ರಲ್ಲಿ ನಿಯಮ ಬದಲಾಯಿತು. ಅಡ್ಡಗೆರೆಯ ಮೇಲೆ ಪಕ್ಷಗಳಿರುತ್ತವೆ, ಅಲ್ಲಿ ಕನಿಷ್ಠ ಆರು ನಂಬರ್ ಹಾಕಿ. ಇಲ್ಲವಾದರೆ ಗೆರೆಯ ಕೆಳಗೆ ಒಬ್ಬೊಬ್ಬರ ಹೆಸರಿಗೂ, ಕನಿಷ್ಠ ಹನ್ನೆರಡು. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಏನೂ ಯೋಚಿಸದೆ ಮೇಲಿಂದ ಕೆಳಗೆ ಒಂದು, ಎರಡು, ಮೂರು ಅಂತ ಹಾಕಿ ಬರುವುದಕ್ಕೆ ಇಲ್ಲಿ 'ಕತ್ತೆ ವೋಟು' ಅನ್ನುತ್ತಾರೆ. ಅದು ಎಣಿಕೆಗೆ ಸೇರುತ್ತದೆ. ಟಿಕ್ ಹಾಕಿ ಉಳಿದದ್ದು ಖಾಲಿ ಬಿಟ್ಟದ್ದು, ಒಂದೇ ನಂಬರ್ ಎರಡು ಸಲ ಬರೆದದ್ದು, ನಿಮ್ಮ ಹೆಸರು ಬರೆದದ್ದು ಎಣಿಕೆಗೆ ಸೇರುವುದಿಲ್ಲ. ಕೆಳಮನೆಗೆ ಬೀಳುವ ವೋಟಿನಲ್ಲಿ ನೂರಕ್ಕೆ ಐದರಷ್ಟು ಹೀಗೆ ಹಾಳಾಗುತ್ತವೆ. ವಲಸಿಗರು ಜಾಸ್ತಿ ಇರುವ ಪಶ್ಚಿಮ ಸಿಡ್ನಿಯ ಕ್ಷೇತ್ರಗಳಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಇಂಗ್ಲಿಷ್ ಒಂದೇ ಕಾರಣವಲ್ಲ. ನ್ಯೂ ಸೌತ್ ವೇಲ್ಸ್‌ನ ರಾಜ್ಯ ಚುನಾವಣೆಯಲ್ಲಿ ಕೆಳಮನೆಗೆ ಒಂದೇ ನಂಬರ್ ಹಾಕಿದರೂ ನಡೆಯುತ್ತದೆ, ಸಂಸತ್ತಿಗೆ ನಡೆಯುವುದಿಲ್ಲ. ಯಾರಿಗಾದರೂ ಗೊಂದಲ ಆಗುತ್ತೆ, ಅಲ್ವಾ? ಕಾಗದದ ಮೇಲೇ ಸೂಚನೆ ಇರುತ್ತದೆ, ಪ್ರತಿ ಸಲ ಓದಿ. ತಪ್ಪಾದರೆ ಸಂಕೋಚ ಬೇಡ, ವಾಪಸ್ ಕೊಟ್ಟು ಇನ್ನೊಂದು ಕೇಳಿ. ಪೌರತ್ವ ಪಡೆದ ವಯಸ್ಸಾದ ಅಪ್ಪ ಅಮ್ಮನಿಗೆ ಕಷ್ಟವಾದರೆ ನೀವೇ ಜೊತೆಗೆ ಹೋಗಿ ಓದಿ ಹೇಳಬಹುದು, ಅವರು ಹೇಳಿದ ನಂಬರ್ ಬರೆಯಬಹುದು. ಅವರು ಹೇಳಿದ್ದನ್ನೇ ಬರೆಯಿರಿ, ಅಷ್ಟೆ.

ಯಾರೂ ಇಷ್ಟವಿಲ್ಲ ಅಂದರೆ?

ನೋಟಾ ಇಲ್ಲಿಲ್ಲ. ಅರ್ನೆಸ್ಟ್ ಜಡ್ ಎಂಬ ಸಮಾಜವಾದಿ ಇದೇ ವಾದ ಹಿಡಿದು ಹೈಕೋರ್ಟಿನ ತನಕ ಹೋದರು. ನಿಂತವರೆಲ್ಲ ಬಂಡವಾಳಶಾಹಿಯ ಪರ, ನನಗೆ ಯಾರೂ ಬೇಡ ಎಂಬುದು ಅವರ ತಕರಾರು. 1926ರಲ್ಲಿ ಕೋರ್ಟು ಅದು ಸರಿಯಾದ ಕಾರಣವಲ್ಲ ಅಂದಿತು. ಇಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟಿನ ಹಾಗೆ, ಅದರ ಮೇಲೆ ಇನ್ನೊಂದಿಲ್ಲ.

ಆದರೂ ರಟ್ಟಿನ ಮರೆಯಲ್ಲಿ ನೀವು ಏನು ಬರೆದಿರಿ ಅಂತ ಯಾರೂ ನೋಡುವುದಿಲ್ಲ, ನೋಡುವ ಹಾಗೂ ಇಲ್ಲ. ಖಾಲಿ ಕಾಗದ ಮಡಚಿ ಹಾಕಿ ಬಂದವರನ್ನು ಹಿಡಿಯುವ ದಾರಿಯೇ ಇಲ್ಲ. ಹಾಗಾಗಿ ವೋಟು ಕಡ್ಡಾಯ ಅನ್ನುವುದು, ಕಾಯ್ದೆಯಲ್ಲಿ ಏನೇ ಇರಲಿ, ಬಂದು ಹೆಸರಿಗೆ ಗೆರೆ ಎಳೆಸಿಕೊಂಡು ಹೋಗುವುದು ಕಡ್ಡಾಯ ಅಂತ ಆಗಿದೆ.

ಬರದಿದ್ದರೆ ಮೊದಲೇ ಹೇಳಿದ ಕಾಗದ. ಸಂಸತ್ತಿನ ಚುನಾವಣೆಗೆ ದಂಡ 20 ಡಾಲರ್. ನ್ಯೂ ಸೌತ್ ವೇಲ್ಸ್ ರಾಜ್ಯದ್ದಕ್ಕೆ 55, ವಿಕ್ಟೋರಿಯಾದಲ್ಲಿ ಅದಕ್ಕೂ ಜಾಸ್ತಿ. ಕಾಯಿಲೆ ಇತ್ತು, ವಿದೇಶದಲ್ಲಿದ್ದೆ, ವೋಟು ಹಾಕಬಾರದೆಂಬ ಧಾರ್ಮಿಕ ನಂಬಿಕೆಯಿದೆ, ಇಂಥವು ಒಪ್ಪುವ ಕಾರಣಗಳು. ಕಾಗದಕ್ಕೆ ಉತ್ತರ ಕೊಡದೆ ಡ್ರಾಯರಿಗೆ ಹಾಕಿದರೆ ವಿಷಯ ಕೋರ್ಟಿಗೆ ಹೋಗಬಹುದು. ಅಲ್ಲಿ ದಂಡ ಬೆಳೆಯುತ್ತದೆ, ಖರ್ಚೂ ಸೇರುತ್ತದೆ.

ಗೆಳೆಯರ ಮನೆಯ ಊಟದಲ್ಲಿ ಈ ಮಾತು ಬಂದರೆ ಒಬ್ಬರಾದರೂ ಕೇಳುತ್ತಾರೆ. ಇದು ಸ್ವಾತಂತ್ರ್ಯಕ್ಕೆ ವಿರುದ್ಧ ಅಲ್ವಾ? ಮೊದಮೊದಲು ನನಗೂ ಹಾಗೇ ಅನಿಸಿತ್ತು. ಈಗ ಅನಿಸುವುದೇ ಬೇರೆ. ಪ್ರಜೆಗೆ ಬರಲೇಬೇಕು ಅಂತ ಹೇಳಿದ ಸರ್ಕಾರ, ಅವನು ಬರುವ ಹಾಗೆ ತಾನೂ ಮಾಡಲೇಬೇಕು. ಶನಿವಾರ ಯಾಕೆ? ಸುಮಾರು ಎರಡು ವಾರ ಮುಂಚೆಯೇ ವೋಟಿನ ಕೇಂದ್ರ ಯಾಕೆ ತೆರೆಯುತ್ತಾರೆ? ಅಂಚೆ ವೋಟು, ಕಣ್ಣು ಕಾಣದವರಿಗೆ ಫೋನ್ ವೋಟು, ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ, ದೂರದ ಮೂಲನಿವಾಸಿ ಹಳ್ಳಿಗಳಿಗೆ ಪೆಟ್ಟಿಗೆ ಹೊತ್ತು ಹೋಗುವ ಸಿಬ್ಬಂದಿ, ಇದೆಲ್ಲ ಯಾಕೆ? ದಂಡ ಹಾಕುವವನಿಗೆ 'ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ, ಮುಂದಿನ ಸಲ ಬನ್ನಿ' ಅನ್ನುವ ಬಾಯಿ ಇರುವುದಿಲ್ಲ. ಅಂಟಾರ್ಟಿಕಾದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಕಡ್ಡಾಯವಿಲ್ಲ. ಅಲ್ಲಿಂದ ಬರುವ ವೋಟನ್ನು ಗುಟ್ಟಾಗಿಡುವ ಖಾತ್ರಿ ಕೊಡಲಾಗದು ಎಂಬುದೇ ಕಾರಣ. ತನ್ನ ಕಡೆಯ ಕೆಲಸ ಆಗದಿದ್ದಾಗ ಸರ್ಕಾರ ಒತ್ತಾಯವನ್ನೂ ಬಿಟ್ಟಿದೆ, ನೋಡಿ.

ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಲೋಕಸಭಾ ಕ್ಷೇತ್ರಗಳಲ್ಲಿ 2024ರಲ್ಲಿ ಶೇಕಡ 55ರಷ್ಟೂ ಮತದಾನ ಆಗಲಿಲ್ಲ. ಅದೂ ರಜೆ ಕೊಟ್ಟು. ಸೋಮಾರಿಗಳು ಅಂತ ಬೈಯುವುದು ಸುಲಭ. ಇವತ್ತು ಮಾರತ್ತಹಳ್ಳಿ, ನಾಳೆ ಕೆಂಗೇರಿ ಅಂತ ಬಾಡಿಗೆ ಮನೆ ಬದಲಾಯಿಸುವವರ ಹೆಸರು ಅವರ ಹಿಂದೆ ಓಡಿ ಬರುವುದಿಲ್ಲ ಅನ್ನುವುದೂ ನಿಜವೇ. ಇಲ್ಲಿ 2022ರಲ್ಲಿ ಕೆಳಮನೆಯ ಮತದಾನ ಶೇಕಡ 90ಕ್ಕಿಂತ ಚೂರು ಕಡಿಮೆಯಾದದ್ದಕ್ಕೇ ಪತ್ರಿಕೆಗಳಲ್ಲಿ ಚಿಂತೆ ಶುರುವಾಗಿತ್ತು.

ಊರಿಗೆ ಹೋದಾಗ, ಊರಿನ ಪಟ್ಟಿ

ಡಿಸೆಂಬರ್ ರಜೆಗೆ ಟಿಕೆಟ್ ತೆಗೆಯುವ ಮೊದಲು ಚುನಾವಣೆಯ ದಿನ ನೋಡಿ. ವಿಕ್ಟೋರಿಯಾದ ರಾಜ್ಯ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ನವೆಂಬರ್ ಕೊನೆಯ ಶನಿವಾರ. ನ್ಯೂ ಸೌತ್ ವೇಲ್ಸ್‌ನದು ಮಾರ್ಚ್ ನಾಲ್ಕನೇ ಶನಿವಾರ. ಸಂಸತ್ತಿನದಕ್ಕೆ ಹೀಗೆ ಗೊತ್ತಾದ ದಿನವಿಲ್ಲ, ಸುಮಾರು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಹೋಗುವ ಮುಂಚೆ ಅರ್ಲಿ ವೋಟು ಹಾಕಿ ಹೋಗಬಹುದು. ಆಗದಿದ್ದರೆ ವಿದೇಶದಲ್ಲಿದ್ದೇನೆ ಅಂತ ಎಇಸಿಯ ವೆಬ್‌ಸೈಟಿನಲ್ಲಿ ಒಂದು ಫಾರಂ ತುಂಬಿ, ಕಾಗದ ಬರುವುದಿಲ್ಲ. ಕೆಲಸದ ಮೇಲೆ ಕೆಲವು ವರ್ಷ ಬೆಂಗಳೂರಿಗೆ ವಾಪಸ್ ಹೋಗುವವರು, ಆರು ವರ್ಷದೊಳಗೆ ಮರಳುವುದಾದರೆ, ಸಾಗರೋತ್ತರ ಮತದಾರರಾಗಿ ಹೆಸರು ಉಳಿಸಿಕೊಳ್ಳಬಹುದು.

ಇನ್ನು ಊರಿನ ವೋಟು. ಭಾರತದ ಪಾಸ್‌ಪೋರ್ಟ್ ಇನ್ನೂ ಇರುವವರು ಫಾರಂ 6ಎ ತುಂಬಿ ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ವೋಟು ಹಾಕಲು ಮಾತ್ರ ಖುದ್ದಾಗಿ ಹೋಗಬೇಕು. ಆಸ್ಟ್ರೇಲಿಯಾದ ಪೌರತ್ವ ತಗೊಂಡ ಕ್ಷಣವೇ ಭಾರತದ ಪೌರತ್ವ ಮುಗಿಯಿತು, ವೋಟೂ ಮುಗಿಯಿತು. ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ವೋಟಿಲ್ಲ. ಆದರೆ ಊರಿನ ಪಟ್ಟಿಯಲ್ಲಿ ಹೆಸರು ತಾನಾಗಿ ಹೋಗುವುದಿಲ್ಲ. ರಜೆಗೆ ಹೋದಾಗ ಚುನಾವಣೆ ಬಂದು, ಹೆಸರು ಇದೆಯಲ್ಲಾ, ಹಾಕಿ ಬಾ ಅಂತ ಮನೆಯವರು ಕಳಿಸಿಯೂ ಬಿಡುತ್ತಾರೆ. ಹೋಗಬೇಡಿ, ಅದು ಅಪರಾಧ. ತೆಗೆಸಲು ಫಾರಂ 7 ಇದೆ, ಅದೇ ಕ್ಷೇತ್ರದ ಮತದಾರರಾದ ಮನೆಯವರೂ ಕೊಡಬಹುದು. ನಾನು ಅಪ್ಪನಿಗೆ ಹೇಳಿದ್ದೆ. "ಬಿಎಲ್ಒ ಬಂದಾಗ ಹೇಳ್ತೀನಿ ಬಿಡು" ಅಂದರು. ಎರಡು ವರ್ಷ ಕಳೆದು ಊರಿಗೆ ಹೋದಾಗ ಪಟ್ಟಿ ತೆಗೆದು ನೋಡಿದೆ. ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಹಾಗೇ ಇತ್ತು, ಇಪ್ಪತ್ತರ ವಯಸ್ಸಿನ ಫೋಟೊದ ಕಾರ್ಡು ಬೀರುವಿನಲ್ಲಿತ್ತು. ಮರುದಿನ ಅಪ್ಪನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹೋಗಿ ಫಾರಂ ಕೊಡಿಸಿ ಬಂದೆ.